‘ಹುಳ ಮುಟ್ಟಿತು’ ಎಂಬಲ್ಲಿಂದ ‘ಉಡುಗೊರೆ’ಯವರೆಗೆ: ಮರೆಮಾತುಗಳ ಚರಿತ್ರೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಳೆ ತಲೆಮಾರಿನವರು ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ. ‘ಹುಳ’ ಅನ್ನುತ್ತಾರೆ. ಕಚ್ಚಿದರೆ ‘ಕಚ್ಚಿತು’ ಅನ್ನುವುದಿಲ್ಲ, ‘ಹುಳ ಮುಟ್ಟಿತು’ ಅನ್ನುತ್ತಾರೆ. ಹೆಸರು ಕರೆದರೆ ಬಂದುಬಿಡುತ್ತದೆ ಎಂಬ ಅಂಜಿಕೆ. ಮನೆಯಿಂದ ಹೊರಡುವವ ‘ಹೋಗ್ತೆ’ ಅಂದರೆ ಬೈಗುಳ ಖಾಯಂ, ‘ಬತ್ತೆ’ ಅನ್ನಬೇಕು. ಕೆಲವು ಮನೆಗಳಲ್ಲಿ ದೀಪವನ್ನು ‘ಆರಿಸು’ ಅನ್ನುವಂತಿಲ್ಲ, ‘ದೊಡ್ಡದು ಮಾಡು’ ಅಥವಾ ‘ಶಾಂತ ಮಾಡು’ ಅನ್ನಬೇಕು.

ಇದು ನಮ್ಮ ಕರಾವಳಿಯ ಮೂಢನಂಬಿಕೆ ಅಷ್ಟೇ ಅಂದುಕೊಳ್ಳಬೇಡಿ. ಉತ್ತರ ಚೀನಾದ ಹಳ್ಳಿಗರು ಹಾವಿಗೆ ಏನನ್ನುತ್ತಾರೆ ಗೊತ್ತೇ? ‘ಚಾಂಗ್ ಚುಂಗ್’. ಅಂದರೆ ಉದ್ದ ಹುಳ! ಹುಲಿಗೆ ಅವರ ಹಳೆಯ ಕಥೆಗಳಲ್ಲಿ ‘ದಾ ಚುಂಗ್’, ದೊಡ್ಡ ಹುಳ. ಇಂಗ್ಲಿಷಿನಲ್ಲಿ ಕರಡಿಗೆ ‘ಬೇರ್’ ಅನ್ನುತ್ತಾರಲ್ಲ, ಅದು ಮೂಲದಲ್ಲಿ ಕರಡಿಯ ಹೆಸರೇ ಅಲ್ಲ, ‘ಕಂದು ಬಣ್ಣದ್ದು’ ಎಂಬ ಅಡ್ಡಹೆಸರು ಅಂತ ಭಾಷೆ ಓದಿದ ಹೆಚ್ಚಿನವರು ಒಪ್ಪುತ್ತಾರೆ. ರಷ್ಯನ್ನರು ಅದೇ ಪ್ರಾಣಿಯನ್ನು ‘ಜೇನು ತಿನ್ನುವವ’ ಅಂತ ಕರೆದರು. ನಿಜವಾದ ಹೆಸರು ಬಾಯಿಗೆ ಬರಬಾರದು ಎಂಬ ಹೆದರಿಕೆಯಲ್ಲಿ ಆ ಹೆಸರೇ ಕಳೆದುಹೋಯಿತು.

ಹೇಳಬಾರದ್ದನ್ನು ಹೀಗೆ ಬೇರೆ ಮಾತಿನ ಹಿಂದೆ ಅಡಗಿಸಿ ಹೇಳುವುದಕ್ಕೆ ಪಂಡಿತರು ‘ಸೌಮ್ಯೋಕ್ತಿ’ ಅಂತ ದೊಡ್ಡ ಹೆಸರು ಇಟ್ಟಿದ್ದಾರೆ. ಈ ಬರಹದಲ್ಲಿ ‘ಮರೆಮಾತು’ ಅನ್ನೋಣ. ಮರೆಮಾತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಯಾಕೆ ಬದಲಾಗುತ್ತವೆ, ಬದಲಾದಾಗ ಯಾರಿಗೆ ಅನುಕೂಲ ಎಂಬುದು ಇಲ್ಲಿನ ವಿಷಯ.

ಸಿಡುಬಿನಿಂದ ಶುರು ಮಾಡೋಣ. ಈಗಿನ ಮಕ್ಕಳು ಆ ರೋಗವನ್ನು ನೋಡಿಲ್ಲ. ಆದರೆ ‘ಅಮ್ಮ ಬಂದಿದ್ದಾಳೆ’ ಎಂಬ ಮಾತು ಕೇಳಿದ್ದಾರೆ. ಮನೆಮನೆಯನ್ನು ಖಾಲಿ ಮಾಡುತ್ತಿದ್ದ ರೋಗಕ್ಕೆ ತಾಯಿಯ ಹೆಸರು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಸರ್ಕಾರದ ಕೆಳಗಿತ್ತು. ಅಲ್ಲಿನ ಮರಾಠಿಯಲ್ಲೂ ಸಿಡುಬು ಅಂದರೆ ‘ದೇವಿ’, ಲಸಿಕೆ ಹಾಕುವುದು ಅಂದರೆ ದೇವಿಯನ್ನು ಚುಚ್ಚುವುದು! ಚೀನೀಯರು ಅದೇ ರೋಗಕ್ಕೆ ‘ತಿಯೆನ್ ಹುವಾ’ ಅಂದರು, ಸ್ವರ್ಗದ ಹೂವು. ಮುಖದ ತುಂಬ ಕುಳಿ ಬೀಳಿಸುವ ರೋಗ ಒಂದು ಕಡೆ ತಾಯಿ, ಇನ್ನೊಂದು ಕಡೆ ಹೂವು. ಸಿಟ್ಟಾಗಬೇಡ ಮಾರಾಯ್ತಿ, ಹೊರಟು ಹೋಗು ಎಂಬ ಬೇಡಿಕೆ ಈ ಹೆಸರುಗಳ ಒಳಗಿದೆ.

ಹೆಸರು ಎಷ್ಟೇ ಮೆದುವಾದರೂ ರೋಗ ಮೆತ್ತಗಾಗಲಿಲ್ಲ. ಅದನ್ನು ಓಡಿಸಿದ್ದು ಲಸಿಕೆ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತು ಸಿಡುಬಿನಿಂದ ಮುಕ್ತ ಅಂತ ಸಾರಿತು. ಆಮೇಲೆ ‘ಅಮ್ಮ’ ಎಂಬ ಮಾತಿಗೆ ಕೆಲಸ ಕಡಿಮೆಯಾಯಿತು. ಈಗ ಅದು ನೀರುಕೋಟಲೆಯಂಥ ಸಣ್ಣ ಕಾಯಿಲೆಗೆ ಅಂಟಿಕೊಂಡು, ಯಾರನ್ನೂ ಅಷ್ಟಾಗಿ ಹೆದರಿಸದೆ ಉಳಿದಿದೆ. ಸಂಗತಿ ಹೋದರೆ ಮಾತಿಗೆ ಬಿಡುಗಡೆ. ಸಂಗತಿ ಇದ್ದಲ್ಲೇ ಇದ್ದರೆ ಏನಾಗುತ್ತದೆ ಎಂಬುದು ಮುಂದಿನ ಕತೆ.

ಅದಕ್ಕೂ ಮೊದಲು ಸಾವಿನ ಮಾತು. ಸಾವು ಎಲ್ಲರಿಗೂ ಒಂದೇ ಅಂತ ಹೇಳುತ್ತೇವೆ. ಸಾವಿನ ಮಾತು ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಚೀನಾದ ಹಳೆಯ ‘ಲೀ ಜೀ’ ಎಂಬ ಆಚಾರಗ್ರಂಥ ಇದನ್ನು ನಿಯಮವಾಗಿಯೇ ಬರೆದಿಟ್ಟಿತ್ತು. ಚಕ್ರವರ್ತಿ ಸತ್ತರೆ ಒಂದು ಶಬ್ದ. ಅದರ ಅರ್ಥ ಬೆಟ್ಟ ಕುಸಿಯಿತು ಎಂಬಂಥದ್ದು. ಸಾಮಂತನಿಗೆ ಬೇರೆ, ಅಧಿಕಾರಿಗೆ ಬೇರೆ, ಅವನಿಗಿಂತ ಕೆಳಗಿನವನಿಗೆ ‘ಸಂಬಳ ನಿಂತಿತು’ ಎಂಬರ್ಥದ ಇನ್ನೊಂದು. ಸಾಮಾನ್ಯ ಜನರಿಗೆ ಮಾತ್ರ ನೇರವಾಗಿ ‘ಸತ್ತ’. ಮರೆಮಾತು ಕೂಡ ಆಸ್ತಿಯಂತೆ. ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ.

ನಮ್ಮಲ್ಲಿ ಅಂಥ ಬರೆದ ನಿಯಮ ಇಲ್ಲ. ಆದರೆ ಇವತ್ತಿನ ಯಾವುದೇ ಕನ್ನಡ ಪತ್ರಿಕೆ ತೆಗೆದು ನೋಡಿ. ಹೆದ್ದಾರಿಯಲ್ಲಿ ಲಾರಿ ಹೊಡೆದರೆ ‘ಇಬ್ಬರು ಕೂಲಿಕಾರರ ಸಾವು’. ಮಾಜಿ ಶಾಸಕರಾದರೆ ‘ನಿಧನ’. ಲಿಂಗಾಯತ ಸ್ವಾಮಿಗಳು ‘ಲಿಂಗೈಕ್ಯ’, ಅದ್ವೈತ ಮಠದವರು ‘ಬ್ರಹ್ಮೈಕ್ಯ’. ಎತ್ತು, ಎಮ್ಮೆ ಸತ್ತರೆ ಯಾವ ಮುಸುಕೂ ಇಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಡೆಸ್ಕಿನಲ್ಲಿ ಕೂತ ಒಂದು ವಾರಕ್ಕೆ ಕೈಗೆ ತಾನಾಗಿ ಬಂದುಬಿಡುತ್ತದೆ. ‘ಲೀ ಜೀ’ಯನ್ನು ಓದದೆಯೇ ನಾವು ಅದನ್ನು ಪಾಲಿಸುತ್ತಿದ್ದೇವೆ.

ಭಟ್ಕಳದ ಮುಸ್ಲಿಂ ಮನೆಗಳಲ್ಲಿ ಕೇಳಿಬರುವ ‘ಇಂತಿಕಾಲ್’ ಎಂಬ ಶಬ್ದ ಚೆನ್ನಾಗಿದೆ. ಅರಬ್ಬಿಯಲ್ಲಿ ಅದರ ಅರ್ಥ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುದು. ಪಂಜಾಬದ ಕಡೆ ಜಮೀನಿನ ಖಾತೆ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಾಗುವುದಕ್ಕೂ ಅದೇ ಶಬ್ದ. ಮನುಷ್ಯನ ಖಾತೆ ಬದಲಾವಣೆ ಅನ್ನಬಹುದು. ಕೊಂಕಣಿ ಮಾತಾಡುವ ಕ್ರೈಸ್ತರು ‘ಅಂತರ್ಲೊ’ ಅನ್ನುತ್ತಾರೆ, ಅಗಲಿದ ಎಂಬಂತೆ. ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ಸತ್ತವನು ಸುರಲೋಕಕ್ಕೆ ಹೋಗುತ್ತಾನೆ. ಹಾಡುವಳ್ಳಿ, ಗೇರುಸೊಪ್ಪೆಯ ಜೈನರ ಕಾಲದ ಸಂಪ್ರದಾಯದಲ್ಲಿ ಅದು ‘ಸಮಾಧಿ ಮರಣ’. ಇವೆಲ್ಲ ಸಮಾಧಾನದ ಮಾತುಗಳು. ಇವುಗಳ ಮೇಲೆ ನನಗೆ ತಕರಾರಿಲ್ಲ.

ಆದರೆ ಸಾವನ್ನು ಹೇಳಲಾಗದ ಇನ್ನೊಂದು ಮಾತು ನಮ್ಮ ಕಡಲಂಚಿನಲ್ಲಿದೆ: ‘ನಾಪತ್ತೆ’. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು 7 ಮೀನುಗಾರರ ಸಮೇತ ಕಾಣೆಯಾಯಿತು. ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲಿನ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಅಲ್ಲಿಯವರೆಗೂ ಮನೆಯವರಿಗೆ ಅದು ಮರೆಮಾತಲ್ಲ, ಆಸೆ. ಸರ್ಕಾರಿ ಕಾಗದಕ್ಕೆ ಬಂದಾಗ ಅದೇ ಮಾತಿಗೆ ಬೇರೆ ತೂಕ. ಶವ ಸಿಗದೆ ಕಾಣೆಯಾದವರನ್ನು 7 ವರ್ಷ ಸುದ್ದಿಯಿಲ್ಲದಿದ್ದರೆ ಮಾತ್ರ ಸತ್ತರೆಂದು ಊಹಿಸಬಹುದು ಎಂಬುದು ಸಾಕ್ಷ್ಯ ಕಾನೂನಿನ ಸಾಮಾನ್ಯ ಲೆಕ್ಕ. ಕಡಲು ನಂಬಿದ ಮನೆಯ ಹೆಂಗಸಿಗೆ ‘ನಾಪತ್ತೆ’ ಮತ್ತು ‘ಮೃತ’ ಎಂಬ ಎರಡು ಶಬ್ದಗಳ ನಡುವೆ ಪರಿಹಾರ, ಸಾಲ, ರೇಷನ್ ಕಾರ್ಡು, ಕುಂಕುಮ ಎಲ್ಲವೂ ಸಿಕ್ಕಿಕೊಂಡಿರುತ್ತವೆ.

ಈಗ ಎಲ್ಲರೂ ನಗುತ್ತಾ ಓದುವ ಭಾಗಕ್ಕೆ ಬರೋಣ. ಪಾಯಿಖಾನೆ.

ಹಿಂದೆ ನಮ್ಮ ಕಡೆ ಯಾರೂ ‘ಅದಕ್ಕೆ’ ಹೋಗುತ್ತಿರಲಿಲ್ಲ. ಬೆಟ್ಟಕ್ಕೆ ಹೋಗುತ್ತಿದ್ದರು, ಹೊರಕಡೆಗೆ ಹೋಗುತ್ತಿದ್ದರು, ಸಮುದ್ರದ ಬದಿಗೆ ಹೋಗುತ್ತಿದ್ದರು, ತಂಬಿಗೆ ತೆಗೆದುಕೊಂಡು ಹೋಗುತ್ತಿದ್ದರು. ಸ್ವಲ್ಪ ಓದಿದವರು ‘ಬಹಿರ್ದೆಸೆಗೆ’ ಹೋದರು. ಅದೂ ಹೊರಗಿನ ದಿಕ್ಕು ಅಂತಲೇ. ಶಾಲೆಗೆ ಹೋದ ಮಕ್ಕಳು ‘ಒಂದಕ್ಕೆ’, ‘ಎರಡಕ್ಕೆ’ ಅಂತ ಲೆಕ್ಕದ ಭಾಷೆ ಕಲಿತರು.

ಆಮೇಲೆ ಕಟ್ಟಡ ಬಂತು, ಅದಕ್ಕೊಂದು ಹೆಸರು ಬೇಕಾಯಿತು. ‘ಪಾಯಿಖಾನೆ’ ಪಾರಸಿ ಮಾತು, ಅಕ್ಷರಶಃ ‘ಕಾಲಿನ ಮನೆ’. ಒಂದು ಕಾಲಕ್ಕೆ ಅದು ಮರ್ಯಾದೆಯ ಮಾತೇ. ಈಗ ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತಾರೆ. ‘ಕಕ್ಕಸು’ ಡಚ್ಚರ ‘ಕಕ್‌ಹೌಸ್’ ಎಂಬುದರಿಂದ ಬಂದದ್ದು ಅನ್ನುತ್ತಾರೆ. ಅದರಲ್ಲಿ ಮರೆಯೇನೂ ಇರಲಿಲ್ಲ, ನಮಗೆ ಡಚ್ ಬಾರದ ಕಾರಣ ಮರೆಯಾಯಿತು. ಮುಂಬೈ ಕಡೆಯಿಂದ ‘ಸಂಡಾಸ್’ ಬಂತು, ಇಂಗ್ಲಿಷಿನಿಂದ ‘ಲ್ಯಾಟ್ರಿನ್’ ಬಂತು, ಸರ್ಕಾರದಿಂದ ‘ಶೌಚಾಲಯ’ ಬಂತು. ಈಗ ಕುಮಟಾದ ಹೊಸ ಹೋಟೆಲಿನ ಬಾಗಿಲ ಮೇಲೆ ‘ವಾಶ್‌ರೂಮ್’ ಅಂತ ಬರೆದಿರುತ್ತದೆ.

‘ಶೌಚ’ ಎಂಬ ಶಬ್ದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಂಸ್ಕೃತದಲ್ಲಿ ‘ಶುಚಿ’ಯಿಂದ ‘ಶೌಚ’. ಅರ್ಥ ಶುದ್ಧಿ, ನೈರ್ಮಲ್ಯ. ಪತಂಜಲಿಯ ಯೋಗಸೂತ್ರದ 5 ನಿಯಮಗಳಲ್ಲಿ ಮೊದಲನೆಯದೇ ಶೌಚ. ಮೈ ಮನಸ್ಸು ಶುಚಿಯಾಗಿಡುವುದು ಅಂತ. ಅಷ್ಟು ದೊಡ್ಡ ಶಬ್ದವನ್ನು ನಾವು ತಂದು ಒಂದು ಗುಂಡಿಯ ಮೇಲೆ ಮುಚ್ಚಿದೆವು. ಮುಚ್ಚಳಕ್ಕೇ ವಾಸನೆ ಹತ್ತಿತು. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ಊರ ಬಾಗಿಲಲ್ಲಿ ‘ಬಯಲು ಶೌಚ ಮುಕ್ತ ಗ್ರಾಮ’ ಎಂಬ ಫಲಕ ಬಂತು. ಶಬ್ದಕ್ಕೆ ಶಬ್ದ ಹಿಡಿದು ಅರ್ಥ ಮಾಡಿದರೆ, ಬಯಲಿನ ಶುದ್ಧಿಯಿಂದ ಬಿಡುಗಡೆ ಹೊಂದಿದ ಊರು!

ಬೇರೆಯವರ ಕತೆ ನಮಗಿಂತ ಮಜವಾಗಿದೆ. ಇಂಗ್ಲಿಷಿನ ‘ಟಾಯ್ಲೆಟ್’ ಮೂಲದಲ್ಲಿ ಫ್ರೆಂಚರ ಒಂದು ತುಂಡು ಬಟ್ಟೆ. ಅಲಂಕಾರದ ಮೇಜಿನ ಮೇಲೆ ಹಾಸುವ ಬಟ್ಟೆ. ಬಟ್ಟೆಯಿಂದ ಮೇಜಿಗೆ, ಮೇಜಿನಿಂದ ಅಲಂಕಾರಕ್ಕೆ, ಅಲಂಕಾರದಿಂದ ಆ ಕೋಣೆಗೆ, ಕೋಣೆಯಿಂದ ಕೊನೆಗೆ ಅಲ್ಲಿಗೆ. ‘ಲ್ಯಾವೆಟರಿ’ ಅಂದರೆ ತೊಳೆಯುವ ಜಾಗ. ‘ಬಾತ್‌ರೂಮ್’ ಸ್ನಾನದ್ದು. ಅಮೆರಿಕದವರು ‘ರೆಸ್ಟ್ ರೂಮ್’ ಅನ್ನುತ್ತಾರೆ, ಅಲ್ಲಿ ವಿಶ್ರಾಂತಿ ಯಾರು ಪಡೆಯುತ್ತಾರೋ ಗೊತ್ತಿಲ್ಲ. ಚೀನಾದಲ್ಲಿ 2000 ವರ್ಷದ ಹಿಂದೆ ದೊಡ್ಡ ಮನುಷ್ಯರು ‘ಬಟ್ಟೆ ಬದಲಿಸಲು’ ಎದ್ದು ಹೋಗುತ್ತಿದ್ದರು. ಮಿಂಗ್ ದೊರೆಗಳ ಕಾಲದ ಪರೀಕ್ಷಾ ಕೊಠಡಿಯಲ್ಲಿ ಹೊರಗೆ ಹೋಗುವವನ ಕೈಗೆ ‘ವಿನಯದಿಂದ ಹೊರಡು, ಗೌರವದಿಂದ ಒಳಗೆ ಬಾ’ ಎಂಬರ್ಥದ ಹಲಗೆ ಕೊಡುತ್ತಿದ್ದರಂತೆ. ಕೊನೆಗೆ ‘ವಿನಯದಿಂದ ಹೊರಡುವುದು’ ಎಂಬುದೇ ಆ ಕೆಲಸದ ಹೆಸರಾಯಿತು. ಈಗ ಅವರು ‘ಕೈ ತೊಳೆಯುವ ಕೋಣೆ’ ಎನ್ನುತ್ತಾರೆ.

ಹೀಗೆ ಒಂದರ ಹಿಂದೆ ಒಂದು ಮಾತು ಹಳತಾಗಿ ಬೀಳುವುದಕ್ಕೆ ಸ್ಟೀವನ್ ಪಿಂಕರ್ ಎಂಬ ಭಾಷಾತಜ್ಞರು 1994ರಲ್ಲಿ ಒಂದು ಹೆಸರು ಕೊಟ್ಟರು. ಜಿಮ್‌ಗಳಲ್ಲಿ ಓಡುವ ಪಟ್ಟಿ ಇರುತ್ತದಲ್ಲ, ಟ್ರೆಡ್‌ಮಿಲ್, ಅದರ ಮೇಲೆ ಎಷ್ಟು ಓಡಿದರೂ ನಿಂತಲ್ಲೇ ನಿಂತಿರುತ್ತೇವೆ. ಮರೆಮಾತಿನದ್ದೂ ಅದೇ ಓಟ ಎಂದರು. ಹೊಸ ಶಬ್ದ ತರುತ್ತೇವೆ, ಕೆಳಗಿನ ಸಂಗತಿಯ ಕೊಳೆ ಅದಕ್ಕೂ ಅಂಟುತ್ತದೆ, ಇನ್ನೊಂದು ತರುತ್ತೇವೆ. ಇಂಗ್ಲಿಷಿನಲ್ಲಿ ‘ಈಡಿಯಟ್’ ಒಂದು ಕಾಲಕ್ಕೆ ವೈದ್ಯರ ಪುಸ್ತಕದ ಶಬ್ದ. ‘ಮೋರಾನ್’ ಎಂಬುದನ್ನು 1910ರಲ್ಲಿ ಹೆನ್ರಿ ಗಾಡರ್ಡ್ ಎಂಬ ಮನೋವಿಜ್ಞಾನಿ ಬುದ್ಧಿಶಕ್ತಿಯ ದರ್ಜೆ ಸೂಚಿಸಲಿಕ್ಕೆ ಹುಟ್ಟಿಸಿದ್ದು. ಎರಡೂ ಈಗ ಬೈಗುಳ.

ನಮ್ಮಲ್ಲಿ ‘ಕುಂಟ’, ‘ಕುರುಡ’ ಹೋಗಿ ‘ಅಂಗವಿಕಲ’ ಬಂತು. ಅದು ಒರಟಾಯಿತು ಅಂತ ‘ವಿಕಲಚೇತನ’, ಆಮೇಲೆ ‘ವಿಶೇಷಚೇತನ’. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ‘ದಿವ್ಯಾಂಗ’ ಎಂಬ ಶಬ್ದ ಸೂಚಿಸಿದರು. ಅಂಗವಿಕಲರ ಹಲವು ಸಂಘಟನೆಗಳೇ ಅದನ್ನು ಬೇಡವೆಂದವು. ನಮಗೆ ದೈವತ್ವ ಬೇಡ, ಹಕ್ಕು ಬೇಕು ಎಂಬುದು ಅವರ ವಾದ. ಚೀನಾದಲ್ಲಿ ಹಿಂದೆ ಬಳಸುತ್ತಿದ್ದ ಶಬ್ದದಲ್ಲಿ ‘ಕೆಲಸಕ್ಕೆ ಬಾರದ’ ಎಂಬರ್ಥದ ಅಕ್ಷರವೇ ಇತ್ತು, 1980ರ ದಶಕದಿಂದ ಅದನ್ನು ಬಿಟ್ಟು ‘ಕಾಯಿಲೆ’ ಎಂಬರ್ಥದ ಅಕ್ಷರ ತಂದರು. ಅದು ಒಳ್ಳೆಯದೇ ಆಯಿತು. ಎಲ್ಲ ಶಬ್ದ ಬದಲಾವಣೆಯೂ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಬಸ್ಸಿನ ಮೆಟ್ಟಿಲು ‘ಕುಂಟ’ನ ಕಾಲದಲ್ಲಿ ಎಷ್ಟು ಎತ್ತರವಿತ್ತೋ ‘ದಿವ್ಯಾಂಗ’ನ ಕಾಲದಲ್ಲೂ ಹೆಚ್ಚು ಕಡಿಮೆ ಅಷ್ಟೇ ಇದೆ.

ಪಾಯಿಖಾನೆಯ ಹೆಸರು ಬದಲಾಯಿತು. ಅದನ್ನು ಬಳಿದವರ ಹೆಸರು ಏನಾಯಿತು?

ಇಲ್ಲಿ ನಗು ನಿಲ್ಲುತ್ತದೆ. ಮಲ ಹೊರುವವನಿಗೆ ಉತ್ತರ ಭಾರತದಲ್ಲಿ, ಮುಂಬೈ ಪ್ರಾಂತ್ಯದಲ್ಲಿ ‘ಮೆಹ್ತರ್’ ಎಂಬ ಹೆಸರಿತ್ತು. ಪಾರಸಿಯಲ್ಲಿ ಅದರ ಅರ್ಥ ‘ಹೆಚ್ಚು ದೊಡ್ಡವನು’, ‘ಒಡೆಯ’. ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲ್ ಸಂಸ್ಥಾನದ ಅರಸರ ಬಿರುದೂ ಮೆಹ್ತರ್. ಒಂದೇ ಶಬ್ದ. ಒಬ್ಬನ ತಲೆಯ ಮೇಲೆ ಕಿರೀಟ, ಇನ್ನೊಬ್ಬನ ತಲೆಯ ಮೇಲೆ ಬುಟ್ಟಿ. ಇನ್ನೊಂದು ಹೆಸರು ‘ಹಲಾಲ್‌ಖೋರ್’, ನ್ಯಾಯವಾಗಿ ದುಡಿದು ಉಣ್ಣುವವನು. ಇದನ್ನು ಬಳಕೆಗೆ ತಂದದ್ದು ಅಕ್ಬರ್ ಬಾದಶಹ ಅಂತ ‘ಐನ್-ಇ-ಅಕ್ಬರಿ’ ಹೇಳುತ್ತದೆ. ಅವನ ಮನಸ್ಸಿನಲ್ಲಿ ಗೌರವ ಇದ್ದಿರಬಹುದು. 300 ವರ್ಷದ ನಂತರ ಮುಂಬೈ ನಗರಸಭೆ ‘ಹಲಾಲ್‌ಖೋರ್ ತೆರಿಗೆ’ ಅಂತ ವಸೂಲಿ ಮಾಡುವ ಹೊತ್ತಿಗೆ ಗೌರವ ಸೋರಿಹೋಗಿ ಶಬ್ದ ಮಾತ್ರ ಉಳಿದಿತ್ತು. ಕನ್ನಡದಲ್ಲಿ ‘ಜಲಗಾರ’ ಅಂದೆವು, ನೀರಿನ ಹೆಸರಿಟ್ಟೆವು. ಕುವೆಂಪು ಆ ಹೆಸರಿನಲ್ಲಿ 1928ರಲ್ಲಿ ನಾಟಕ ಬರೆದರು.

ತಲೆಯ ಮೇಲಿನ ಬುಟ್ಟಿ ಇಳಿದದ್ದು ಹೆಸರಿನಿಂದ ಅಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಕೆಲಸಗಾರರ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟಿತು. ‘ಪೌರಕಾರ್ಮಿಕ’ ಎಂಬ ಶಬ್ದ ನೆಲೆಯೂರಿದ್ದು ಆ ಕಾಲದಲ್ಲಿ. ಇದು ಬೇರೆ ಜಾತಿಯ ಶಬ್ದ ನೋಡಿ. ಇದರಲ್ಲಿ ಹೊಗಳಿಕೆ ಇಲ್ಲ, ದೇವರಿಲ್ಲ, ಅರಸನಿಲ್ಲ. ಕಾರ್ಮಿಕ ಅಂದ ಮೇಲೆ ಸಂಬಳ, ರಜೆ, ಖಾಯಮಾತಿ, ಮುಷ್ಕರ ಎಲ್ಲ ಹಿಂದೆಯೇ ಬರುತ್ತವೆ. ದೇಶಮಟ್ಟದ ಕಾನೂನು 1993ರಲ್ಲಿ ಬಂತು, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಅಂದರೂ ಗುಂಡಿಗಿಳಿದು ಸಾಯುವವರ ಸುದ್ದಿ ನಿಂತಿಲ್ಲ.

ಇದೇ ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂಬರ್ಥದ ಮಾತಾಡಿ, ದೊಡ್ಡ ಗಲಾಟೆಯಾಗಿ, ಮಂತ್ರಿ ಸ್ಥಾನ ಕಳೆದುಕೊಂಡರು. ಮರೆಮಾತು ಅವರಿಗೆ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಆ ಗಲಾಟೆಯ ಬೆನ್ನಿಗೆ ಕರ್ನಾಟಕದಲ್ಲಿ ದಲಿತ ಚಳವಳಿ ಗಟ್ಟಿಯಾಯಿತು.

‘ದಲಿತ’ ಎಂಬ ಶಬ್ದಕ್ಕೆ ಹಿಂದೆ ಒಂದು ಜಗಳವಿದೆ. ಅದರಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ. ಗಾಂಧೀಜಿ ‘ಅಸ್ಪೃಶ್ಯ’ ಎಂಬುದರ ಬದಲು ‘ಹರಿಜನ’ ಎಂಬುದನ್ನು ಬಳಕೆಗೆ ತಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆ ಆರಂಭಿಸಿದರು, 1934ರ ಹರಿಜನ ಪ್ರವಾಸದಲ್ಲಿ ಶಿರಸಿಗೂ ಬಂದರು. ಮರೆಮಾತಿನ ಲೆಕ್ಕದಲ್ಲಿ ಅದಕ್ಕಿಂತ ಸುಂದರ ಶಬ್ದ ಇಲ್ಲ: ದೇವರ ಜನ. 1938ರ ಜನವರಿಯಲ್ಲಿ ಮುಂಬೈ ಶಾಸನಸಭೆಯಲ್ಲಿ ಸ್ಥಳೀಯ ಮಂಡಳಿಗಳ ಮಸೂದೆ ಚರ್ಚೆಗೆ ಬಂದಾಗ ಅದರಲ್ಲಿ ಈ ಶಬ್ದವಿತ್ತು. ಅಂಬೇಡ್ಕರ್ ವಿರೋಧಿಸಿದರು. ಅವರು ದೇವರ ಜನರಾದರೆ ಉಳಿದವರು ಯಾರ ಜನ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. ಕೇಳಲಿಲ್ಲವೆಂದಾಗ ತಮ್ಮ ಪಕ್ಷದವರೊಂದಿಗೆ ಅವರು ಸಭೆಯಿಂದ ಎದ್ದು ಹೊರಟರು. ಹೊನ್ನಾವರ, ಕುಮಟಾ, ಭಟ್ಕಳ ಆಗ ಆ ಸಭೆಯ ಆಡಳಿತದ ಕೆಳಗೇ ಇದ್ದವು.

1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ‘ಹರಿಜನ’ ಅಂತ ಬರೆಯಬೇಡಿ ಎಂದು ರಾಜ್ಯಗಳಿಗೆ ಸೂಚಿಸಿತು. ‘ದಲಿತ’ ಅಂದರೆ ತುಳಿಯಲ್ಪಟ್ಟ, ಒಡೆದ. ಮರೆಮಾತಿನ ತದ್ವಿರುದ್ಧ ಇದು. ಮೇಲಿನವರು ಕೊಟ್ಟ ಮೆತ್ತನೆಯ ಹೆಸರನ್ನು ಕಿತ್ತೆಸೆದು, ತಮಗಾದದ್ದನ್ನೇ ಹೆಸರಾಗಿ ಇಟ್ಟುಕೊಂಡರು. ಮೆತ್ತನೆಯ ಮಾತಿನಿಂದ ಅನುಕೂಲ ಸಾಮಾನ್ಯವಾಗಿ ಅದನ್ನು ಆಡುವವನಿಗೆ, ಕೇಳುವವನಿಗಲ್ಲ. ಈ ಚರಿತ್ರೆಯಲ್ಲೆಲ್ಲ ನನಗೆ ಕಂಡ ಮುಖ್ಯ ಸಂಗತಿ ಅದು.

ಹೆಂಗಸರ ಮಾತಿಗೆ ಬಂದರೆ ಇದು ಇನ್ನೂ ಸ್ಪಷ್ಟ. ‘ಮುಟ್ಟು’ ಎಂಬುದೇ ಒಂದು ಮರೆಮಾತು. ಮುಟ್ಟಬಾರದ ಸ್ಥಿತಿಗೆ ಮುಟ್ಟು ಅಂತ ಹೆಸರು. ಆಮೇಲೆ ಅದೂ ಬಿಚ್ಚು ಮಾತಾಯಿತು. ‘ಹೊರಗೆ’, ‘ಹೊರಗಾಗಿದ್ದಾಳೆ’, ‘ಕಾಗೆ ಮುಟ್ಟಿದೆ’ ಬಂದವು. ಮಕ್ಕಳು ಅಂಗಳದಲ್ಲಿ ನಿಂತು ಕಾಗೆ ಎಲ್ಲಿ ಮುಟ್ಟಿತು ಅಂತ ಹುಡುಕಿದ್ದೂ ಉಂಟು. ಈಗ ಕಾಲೇಜಿನ ಹುಡುಗಿಯರು ‘ಪೀರಿಯಡ್ಸ್’, ‘ಡೇಟ್’ ಅನ್ನುತ್ತಾರೆ. ಚೀನಾದ ಹುಡುಗಿಯರು ‘ದಾ ಯೀ ಮಾ ಬಂದಿದ್ದಾಳೆ’ ಅನ್ನುತ್ತಾರೆ, ಅಂದರೆ ತಾಯಿಯ ಅಕ್ಕ, ನಮ್ಮ ದೊಡ್ಡಮ್ಮ. ಅವರ ಇನ್ನೊಂದು ಮಾತು ‘ಲೀ ಜ್ಯಾ’, ನಿಗದಿತ ರಜೆ. ನಮ್ಮಲ್ಲೂ ಎಷ್ಟೋ ಹೆಂಗಸರು ‘ಮೂರು ದಿನ ರಜೆ’ ಅನ್ನುತ್ತಿದ್ದರಲ್ಲ!

ಆ ರಜೆ ಅಡುಗೆಮನೆಯಿಂದ ರಜೆ ಅಷ್ಟೇ. ಕೊಟ್ಟಿಗೆ, ಗದ್ದೆ, ಸೊಪ್ಪಿನ ಹೊರೆ ಕೆಲವರಿಗೆ ಇದ್ದೇ ಇರುತ್ತಿತ್ತು. ಮಾತು ಇದ್ದಲ್ಲಿ ಸಂಗತಿ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೆ 1 ದಿನ ಸಂಬಳಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಅಜ್ಜಿಯ ಕಾಲದ ಮರೆಮಾತು ಮೊಮ್ಮಗಳ ಕಾಲಕ್ಕೆ ಸರ್ಕಾರಿ ಕಾಗದದಲ್ಲಿ ಅಕ್ಷರಶಃ ರಜೆಯಾಯಿತು. ಮೀನು ಒಣಗಿಸುವವಳಿಗೆ, ಗೇರುಬೀಜ ಸುಲಿಯುವವಳಿಗೆ, ದಿನಗೂಲಿಯವಳಿಗೆ ಅದು ಸಿಗುವ ದಾರಿ ಇನ್ನೂ ದೂರವಿದೆ.

ಮರೆಮಾತಿನಿಂದ ಜೀವಕ್ಕೆ ಬರುವ ಕುತ್ತು ಕೂಡ ಇಲ್ಲೇ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ ಆಸ್ಪತ್ರೆಯಲ್ಲಿ ‘ಸ್ವಲ್ಪ ಹೊಟ್ಟೆನೋವು’ ಅಂದು ಗುಳಿಗೆ ತೆಗೆದುಕೊಂಡು ಬರುವ ಹೆಂಗಸರು ಇದ್ದಾರೆ. ಗಂಡು ಡಾಕ್ಟರಾದರೆ ಅಷ್ಟೂ ಹೇಳುವುದಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇಗ ಗೊತ್ತಾದರೆ ವಾಸಿಯಾಗುವ ರೋಗ. ಗೊತ್ತಾಗಬೇಕಾದರೆ ಯಾವ ಜಾಗ, ಏನಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಬೇಕು. ಹಾಗೆಯೇ ‘ಹುಳ ಮುಟ್ಟಿದ’ವನನ್ನು ಕರೆತಂದವರು ಡಾಕ್ಟರ ಮುಂದೆಯಾದರೂ ‘ಹಾವು’ ಅನ್ನಬೇಕು.

ಇನ್ನು ಕೊನೆಯದಾಗಿ ದುಡ್ಡಿನ ವಿಷಯ. ಇದರಲ್ಲಿ ಹೊನ್ನಾವರದ ಪಕ್ಕದ ಕರ್ಕಿಗೆ ದೊಡ್ಡ ಹೆಸರಿದೆ, ಊರಿನವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಮುಂಬೈಯಿಂದ ಒಂದು ನಾಟಕ ಪ್ರಕಟಿಸಿದರು: ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಅಥವಾ ಕನ್ಯಾವಿಕ್ರಯದ ಪರಿಣಾಮವು’. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಅಂತ ಇದನ್ನು ಗುರುತಿಸುತ್ತಾರೆ. ಹವ್ಯಕರಲ್ಲಿ ಆಗ ಹೆಣ್ಣಿನ ಕಡೆಯವರು ಗಂಡಿನ ಕಡೆಯಿಂದ ಹಣ ಪಡೆದು ಮದುವೆ ಮಾಡಿಕೊಡುವ ಪದ್ಧತಿ ಇತ್ತು. ಎಳೆಯ ಹುಡುಗಿ, ವಯಸ್ಸಾದ ವರ, ನಡುವೆ ರೊಕ್ಕ.

ಆ ರೊಕ್ಕಕ್ಕೆ ಮರ್ಯಾದೆಯ ಹೆಸರುಗಳಿದ್ದವು. ಕನ್ನಡದಲ್ಲಿ ‘ತೆರ’, ತೆರುವುದು, ಕೊಡುವುದು ಅಂತ. ಸಂಸ್ಕೃತದಲ್ಲಿ ‘ಕನ್ಯಾಶುಲ್ಕ’. ಶುಲ್ಕ ಅಂದರೆ ಫೀ. ಶಾಲೆಯ ಫೀ ಇದ್ದಹಾಗೆ. ಸೂರಿಯವರು ಆ ಶಬ್ದಗಳನ್ನು ಬಿಟ್ಟು, ಪುಸ್ತಕದ ಹೆಸರಿನಲ್ಲೇ ‘ವಿಕ್ರಯ’ ಅಂತ ಹಾಕಿದರು. ಮಾರಾಟ! ಇದಾದ 5 ವರ್ಷಕ್ಕೆ, 1892ರಲ್ಲಿ, ಇದೇ ಪಿಡುಗಿನ ಮೇಲೆ ಗುರಜಾಡ ಅಪ್ಪಾರಾವ್ ಬರೆದ ತೆಲುಗಿನ ಪ್ರಸಿದ್ಧ ನಾಟಕ ರಂಗಕ್ಕೆ ಬಂತು. ಅದರ ಹೆಸರು ‘ಕನ್ಯಾಶುಲ್ಕಮು’. ಗುರಜಾಡರ ನಾಟಕ ಎಷ್ಟು ದೊಡ್ಡದೆಂಬುದು ಬೇರೆ ಮಾತು. ಹೆಸರಿಡುವ ಧೈರ್ಯದಲ್ಲಿ ಕರ್ಕಿಯ ಶಾಸ್ತ್ರಿಗಳು ಒಂದು ಹೆಜ್ಜೆ ಮುಂದಿದ್ದರು. ಮಾರಾಟ ಎಂಬುದು ಅವರ ಹೊಸ ಆರೋಪವೂ ಅಲ್ಲ. ಮನುಸ್ಮೃತಿಯ 3ನೇ ಅಧ್ಯಾಯವೇ ಮಗಳಿಗಾಗಿ ಶುಲ್ಕ ಪಡೆದ ತಂದೆ ಸಂತಾನ ಮಾರಿದವನಾಗುತ್ತಾನೆ ಎನ್ನುತ್ತದೆ. ಶಾಸ್ತ್ರ ಬಲ್ಲವರು ಆ ಸಾಲನ್ನು ಜೋರಾಗಿ ಓದುತ್ತಿರಲಿಲ್ಲ, ಅಷ್ಟೇ.

ಆಮೇಲೆ ಗಾಳಿ ತಿರುಗಿತು. ಇಂಗ್ಲಿಷ್ ಶಾಲೆ, ಸರ್ಕಾರಿ ನೌಕರಿ ಬಂದಂತೆ ಓದಿದ ವರನಿಗೆ ಬೆಲೆ ಬಂತು, ರೊಕ್ಕ ಆ ಕಡೆಯಿಂದ ಈ ಕಡೆಗೆ ಹರಿಯತೊಡಗಿತು. ಹೊಸ ಹೊಳೆಗೆ ಹೊಸ ಹೆಸರು: ‘ವರದಕ್ಷಿಣೆ’. ದಕ್ಷಿಣೆ ಅಂದರೆ ಪುರೋಹಿತರಿಗೆ ಭಕ್ತಿಯಿಂದ ಕೊಡುವ ಕಾಣಿಕೆ. ಅಳಿಯನನ್ನು ದೇವರ ಪೀಠದಲ್ಲಿ ಕೂರಿಸಿ ಅವನ ಮುಂದೆ ತಟ್ಟೆ ಇಟ್ಟಂತೆ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು, ಶಬ್ದಕ್ಕೆ ಪೊಲೀಸರ ವಾಸನೆ ಹತ್ತಿತು. ‘ವರೋಪಚಾರ’ ಎಂಬ ಮಾತು ಉಪಯೋಗಕ್ಕೆ ಬಂತು. ಆಮೇಲೆ ‘ಮದುವೆ ಖರ್ಚು’. ಈಗ ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಅದು ನಿಮ್ಮಿಷ್ಟ’ ಎಂಬ ಒಂದಿಡೀ ವಾಕ್ಯವೇ ಮರೆಮಾತಾಗಿದೆ. ಕೇಳಿದ ತಂದೆಗೆ ಅದರ ಅರ್ಥ ಗ್ರಾಂ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಚೀನಾದಲ್ಲಿ ಹಣ ಇನ್ನೂ ಹಳೆಯ ದಿಕ್ಕಿನಲ್ಲೇ ಹರಿಯುತ್ತಿದೆ, ಗಂಡಿನಿಂದ ಹೆಣ್ಣಿಗೆ. ಅದರ ಹೆಸರು ‘ಚಾಯ್ ಲೀ’, ಬಣ್ಣದ ರೇಷ್ಮೆಯ ಕಾಣಿಕೆ ಎಂಬಂತೆ. ರೇಷ್ಮೆ ಯಾವಾಗಲೋ ಹೋಗಿ ನೋಟಿನ ಕಟ್ಟು ಬಂದಿದೆ. ಮದುವೆಯ ನೆಪದಲ್ಲಿ ಹಣ ಕೀಳುವಂತಿಲ್ಲ ಅಂತ ಅವರ ಕಾನೂನೂ ಹೇಳುತ್ತದೆ. ಮದುವೆ ಮುರಿದಾಗ ಈ ‘ಕಾಣಿಕೆ’ ಯಾರಿಗೆ ಸೇರಬೇಕು ಎಂಬ ಜಗಳ ಎಷ್ಟು ಬೆಳೆಯಿತೆಂದರೆ, ಅವರ ಸುಪ್ರೀಂ ಕೋರ್ಟು 2024ರ ಫೆಬ್ರುವರಿಯಿಂದ ಅದಕ್ಕೇ ಬೇರೆ ನಿಯಮ ಜಾರಿ ಮಾಡಿತು.

ನಮ್ಮ ಕಾನೂನಿನಲ್ಲಿ ಒಂದು ಕಿಟಕಿ ಇದೆ. ಯಾರೂ ಕೇಳದೆ ಕೊಟ್ಟ ಉಡುಗೊರೆ ವರದಕ್ಷಿಣೆಯಲ್ಲ. ಆದರೆ 1985ರ ನಿಯಮದ ಪ್ರಕಾರ ಅದನ್ನೆಲ್ಲ ಪಟ್ಟಿ ಮಾಡಬೇಕು: ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರ, ವರನಿಗೆ ಬಂದದ್ದರ ಪಟ್ಟಿ ವರನ ಹತ್ತಿರ, ಎರಡಕ್ಕೂ ಇಬ್ಬರ ಸಹಿ. ಮದುವೆ ಮನೆಯಲ್ಲಿ ನಾವು ಮುಯ್ಯಿಯ ಲೆಕ್ಕವನ್ನು 101 ರೂಪಾಯಿಯವರೆಗೂ ಪುಸ್ತಕದಲ್ಲಿ ಬರೆಯುತ್ತೇವೆ, ನಾಳೆ ತಿರುಗಿಸಿ ಕೊಡಬೇಕಲ್ಲ. ಕಾನೂನಿನ ಈ ಪಟ್ಟಿ ಬರೆದ ಮನೆಯನ್ನು ನಾನಂತೂ ನೋಡಿಲ್ಲ. ಬೀರು, ಬೈಕು, ಬಂಗಾರ ಯಾವ ಪುಸ್ತಕಕ್ಕೂ ಬರುವುದಿಲ್ಲ. ಮನೆಗೆ ಬಂದ ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಆಶೀರ್ವಾದವೇ ಉಡುಗೊರೆ ಅಂತ.